ಕೌದಿ ಹೊದ್ದ ಮೋಟಾರು

ನನ್ನ ತಂಗಿಯ ಮಗ ಸುರೇಶನಿಗೆ ಒಂದು ಖಯಾಲಿ ಇದೆ. ಎಲ್ಲಿಯಾದರೂ ಹಳೇ ಕಾರು ಬಿದ್ದಿದೆ ಎಂದು ಯಾರಾದರೂ ಹೇಳಿದರೆ ಸಾಕು, ಉಣ್ಣುವ ತಾಟು ಬಿಟ್ಟು ಎದ್ದು ಹೋಗುತ್ತಾನೆ. ಹೋದ ತಿಂಗಳು ಸಿದ್ದಾಪುರದ ಒಂದು ಅಕ್ಕಿ ಗಿರಣಿಯ ಹಿಂದೆ, ಹೊಟ್ಟಿನ ರಾಶಿಯಲ್ಲಿ ಅರ್ಧ ಹೂತ ಕಾರೊಂದನ್ನು ನೋಡಲು ಹೊರಟವನು ಗಂಗಾವತಿಯ ನಮ್ಮ ಮನೆಗೆ ಬಂದು ನನ್ನನ್ನೂ ಎಬ್ಬಿಸಿಕೊಂಡು ಹೋದ. ಮೊಣಕಾಲು ನೋವಿನ ಮುದುಕಿಗೆ ತುಕ್ಕು ಹಿಡಿದ ಕಾರಿನಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ದಾರಿಯುದ್ದಕ್ಕೂ ಭತ್ತದ ಗದ್ದೆ ನೋಡುತ್ತ ಹೋಗಬಹುದಲ್ಲ ಎಂಬ ಆಸೆ, ಅಷ್ಟೇ.

ಕಾರಿನಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ಸುರೇಶ ಮಾತ್ರ ಅದರ ಮೈಮೇಲೆ ಕೈಯಾಡಿಸುತ್ತ, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ಬಗ್ಗಿ ಬಗ್ಗಿ ನೋಡಿದ.

"ದೊಡ್ಡವ್ವಾ, ಇದು ಕ್ಲಾಸಿಕ್ ಆಗತೈತಿ ನೋಡು."

"ಹಂಗಂದ್ರ?"

"ಹಳೇದಾದ್ರ ಸಾಲಂಗಿಲ್ಲ. ಒರಿಜಿನಲ್ ಇರಬೇಕು. ಸೀಟು, ದೀಪ, ಬಣ್ಣ, ಕಂಪನಿ ಬಿಲ್ಲೆ, ಎಲ್ಲಾ ಹುಟ್ಟಿದಾಗ ಹೆಂಗಿತ್ತೋ ಹಂಗ ಇರಬೇಕು. ಇರದಿದ್ರ ಅದು ಬರೇ ಹಳೇ ಕಾರು."

"ನಾನು ಯಾವುದಪಾ? ಬರೇ ಹಳೇದೋ, ಕ್ಲಾಸಿಕ್ಕೋ?"

ಅವನು ನನ್ನ ಬಾಯಿ ನೋಡಿ, "ಹಲ್ಲು ಒರಿಜಿನಲ್ ಇಲ್ಲಲ್ಲ ದೊಡ್ಡವ್ವಾ" ಅಂದ.

ನಕ್ಕೆ. ಆದರೆ ಅವನ ಲೆಕ್ಕ ನನಗೆ ಒಪ್ಪಿಗೆಯಾಗಲಿಲ್ಲ. ಏಕೆಂದರೆ ನನಗೆ ಒಂದು ಕಾರು ಗೊತ್ತಿತ್ತು. ಅದರಲ್ಲಿ ಹುಟ್ಟಿದಾಗಿನದು ಅಂತ ಹೇಳಿಕೊಳ್ಳುವಂಥದ್ದು ಬಹುಶಃ ಹಾರ್ನು ಕೂಡ ಇರಲಿಲ್ಲ. ಅದರ ಕಥೆ ಹೇಳಹೋದರೆ ಸುರೇಶ ಮೊದಲು ಕೇಳಿದ್ದು, "ಯಾವ ಕಂಪನಿದು?" ಗೊತ್ತಿಲ್ಲ ಅಂದೆ. ಅಲ್ಲಿಗೆ ಅವನ ಆಸಕ್ತಿ ಮುಗಿಯಿತು. ನಿಮಗಾದರೂ ಹೇಳುತ್ತೇನೆ. ಮಾಸ್ತರಿಕೆ ಮಾಡಿ ಸವೆದ ನಾಲಿಗೆ, ಒಮ್ಮೆ ಶುರುವಾದರೆ ಸುಮ್ಮನಾಗುವುದಿಲ್ಲ.

ನಮ್ಮದು ಯಲಬುರ್ಗಿ ತಾಲೂಕಿನ ಗಡಿಯೂರು. ಆಗ ನಾವೆಲ್ಲ ನಿಜಾಮನ ಪ್ರಜೆಗಳು. ಹತ್ತು ಹನ್ನೆರಡು ಮೈಲಿ ಆಚೆ ಗಜೇಂದ್ರಗಡ, ಅದು ಬ್ರಿಟಿಷರ ಸೀಮೆ. ನಡುವೆ ಒಂದು ಸುಂಕದ ನಾಕಾ. ನಮ್ಮೂರಿನ ದೇಸಾಯರು ನಾನು ತೊಟ್ಟಿಲಲ್ಲಿದ್ದಾಗಲೋ ಏನೋ ಒಂದು ಮೋಟಾರು ಕೊಂಡರು. ಮೂತಿಯ ಮೇಲೆ ಒಂದು ಹಿತ್ತಾಳೆ ಬಿಲ್ಲೆ ಇತ್ತಂತೆ. ಮೊದಲ ಮಳೆಗಾಲದಲ್ಲೇ ಯಾವುದೋ ಹಳ್ಳ ದಾಟುವಾಗ ಅದು ಕಳಚಿ ನೀರು ಪಾಲಾಯಿತು. ಹಾಗಾಗಿ ಅದರ ಕುಲಗೋತ್ರ ಯಾರಿಗೂ ತಿಳಿಯದು. ಬಣ್ಣ ಯಾವುದು ಎಂಬುದರಲ್ಲೂ ಒಮ್ಮತವಿಲ್ಲ. ನನ್ನ ನೆನಪಿನಲ್ಲಿ ಅದು ಹಸಿರು. ನನ್ನ ಅಣ್ಣ ಸಾಯುವ ತನಕ ಕಪ್ಪು ಎಂದೇ ವಾದಿಸಿದ. ಅದನ್ನು ಓಡಿಸುತ್ತಿದ್ದ ಇಮಾಮಸಾಬನನ್ನು ಕೇಳಿದರೆ, "ನವಿಲ ಕುತ್ತಿಗಿ ಬಣ್ಣ ಬೇಟಿ" ಅನ್ನುತ್ತಿದ್ದ. ಧೂಳು ಹಿಡಿದ ಮೇಲೆ ಎಲ್ಲ ಬಣ್ಣವೂ ಎರೆಮಣ್ಣಿನ ಬಣ್ಣವೇ ಅನ್ನಿ.

ಎರಡನೇ ಮಹಾಯುದ್ಧದ ಲಡಾಯಿ ಶುರುವಾಗಿ ಪೆಟ್ರೋಲಿಗೆ ಪರವಾನಗಿ ಬಂತು. ಕೊಪ್ಪಳಕ್ಕೆ ಹೋದರೂ ಸಿಗದಾಯಿತು. ಒಂದು ಸಂಜೆ ದೇಸಾಯರ ಮೋಟಾರು ನಮ್ಮ ಹಿತ್ತಲ ಗೋಡೆಯ ಹಿಂದಿನ ಬೇವಿನ ಮರದ ಹತ್ತಿರ ಬಂದು, ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಡಬ್ಬಿಯಲ್ಲಿ ಹನಿ ಪೆಟ್ರೋಲೂ ಉಳಿದಿರಲಿಲ್ಲ. ದೇಸಾಯರು ಕೆಳಗಿಳಿದು ಪಂಚೆ ಕೊಡವಿಕೊಂಡು, "ಇರಲಿ ಇಲ್ಲೇ. ಲಡಾಯಿ ಮುಗದ ಮ್ಯಾಲೆ ನೋಡೂಣು. ಇಮಾಮಾ, ನಿಗಾ ಇಡು" ಎಂದು ಹೇಳಿ ತಮ್ಮ ವಾಡೆಗೆ ನಡೆದು ಹೋದರು. ಮುಂದಿನ ವಾರ ಹೈದರಾಬಾದಿಗೆ ಹೋದವರು ವರ್ಷಗಟ್ಟಲೆ ಬರಲಿಲ್ಲ. ಮೋಟಾರು ಮರದ ಕೆಳಗೆ ಉಳಿಯಿತು. ಪರದೇಸಿ ಆಯಿತು.

ಇಮಾಮಸಾಬ ಕುಷ್ಟಗಿಯವನು. ನಲವತ್ತರ ಆಸುಪಾಸು, ತೆಳ್ಳಗಿನ ಆಳು, ಮೀಸೆಯ ಒಂದು ತುದಿ ಮಾತ್ರ ನೆರೆತಿತ್ತು. ಮೋಟಾರು ನಿಂತ ಮೇಲೆ ಅವನು ಸ್ಟೋವು, ಬೀಗ, ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಊರಲ್ಲೇ ಉಳಿದ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಮೋಟಾರನ್ನು ಒರೆಸುತ್ತಿದ್ದ. ಒರೆಸಿ, ತನ್ನ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತು, ಇಳಿದು ಹೋಗುತ್ತಿದ್ದ.

"ಓಡಂಗಿಲ್ಲಲ್ಲ ಕಾಕಾ, ಮತ್ಯಾಕ ಒರಸ್ತಿ?" ಎಂದು ಒಮ್ಮೆ ಕೇಳಿದೆ.

"ಕುದುರಿ ಕಟ್ಟಿ ಹಾಕಿದ್ರೂ ಮೈ ತಿಕ್ಕಬೇಕಲ್ಲ ಬೇಟಿ" ಅಂದ.

ಇನ್ನು ಗಂಗವ್ವ ಅತ್ತಿ. ನನ್ನ ಅಪ್ಪನ ತಂಗಿ. ಗಜೇಂದ್ರಗಡದ ಸಾಲಿಯಲ್ಲಿ ಮಾಸ್ತರನಾಗಿದ್ದವನಿಗೆ ಕೊಟ್ಟು ಮದುವೆ ಮಾಡಿದ್ದರು. ಆತ ಬಂದವರಿಗೆಲ್ಲ ಓದು ಕಲಿಸುವ ಹುಚ್ಚಿನವನು, ಹೆಂಡತಿಯನ್ನೂ ಬಿಡಲಿಲ್ಲ. ಎರಡು ವರ್ಷದಲ್ಲಿ ಕಾಲರಾ ಬಂದು ಆತ ಹೋದ. ಅತ್ತಿ ಒಂದು ಟ್ರಂಕು ಪುಸ್ತಕ ತೆಗೆದುಕೊಂಡು ತವರಿಗೆ ಬಂದಳು. ನಾನು ಹೇಳುವ ಹೊತ್ತಿಗೆ ಅವಳಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಅಜ್ಜ ಅವಳಿಗೆ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಉಣ್ಣುವುದಕ್ಕಿತ್ತು, ಉಡುವುದಕ್ಕಿತ್ತು, ಹೊಲಿಯಲು ಕೌದಿ ಇತ್ತು. ಮನೆ ಬಿಟ್ಟು ಹೊರಗೆ ಹೋಗಲು ಮಾತ್ರ ಕಾರಣ ಇರಲಿಲ್ಲ.

ಊರಿನ ಸಾಲಿಯಲ್ಲಿ ಉರ್ದು ಕಲಿಸುತ್ತಿದ್ದರು, ಅದೂ ಗಂಡುಹುಡುಗರಿಗೆ. ನನಗೆ ಕನ್ನಡ ಅಕ್ಷರ ಕಲಿಸುತ್ತೇನೆ ಎಂದು ಅತ್ತಿ ಹೊರಟಳು. ಪಡಸಾಲೆಯಲ್ಲಿ ಅಜ್ಜನ ಗೆಳೆಯರು ಕೂರುತ್ತಿದ್ದರು, ಅಡುಗೆಮನೆಯಲ್ಲಿ ಹೊಗೆ. ಹಿತ್ತಲ ಬಾಗಿಲು ದಾಟಿದರೆ ಮೋಟಾರು. ಅದಕ್ಕೆ ಬಾಗಿಲಿತ್ತು, ಮೇಲೆ ಸೂರಿತ್ತು, ಕೂರಲು ಸೀಟಿತ್ತು. ಒಂದು ಮಧ್ಯಾಹ್ನ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಾನು ಮುಂದಿನ ಸೀಟಿನಲ್ಲಿ ಹಿಂದುಮುಂದಾಗಿ ಮೊಣಕಾಲೂರಿ ಕೂತು, ಪಾಟಿಯ ಮೇಲೆ 'ಅ' ಬರೆದಳು. ಮೂರು ದಿನದಲ್ಲಿ ಪಕ್ಕದ ಮನೆಯ ಇಬ್ಬರು ಹುಡುಗಿಯರು ಬಂದರು. ತಿಂಗಳಲ್ಲಿ ಆರು ಮಂದಿಯಾದೆವು. ನಮ್ಮೂರಿನ ಮೊದಲ ಹೆಣ್ಣುಮಕ್ಕಳ ಸಾಲಿಗೆ ನಾಲ್ಕು ಗಾಲಿ ಇದ್ದವು ಎಂದು ನಾನು ಈಗಲೂ ಜಂಬ ಕೊಚ್ಚುತ್ತೇನೆ.

ಪಾಠಕ್ಕಿಂತ ಹೆಚ್ಚಾಗಿ ನನ್ನ ತಲೆ ತಿನ್ನುತ್ತಿದ್ದುದು ಮೋಟಾರೇ. ಮುಂದಿನ ಮುಚ್ಚಳದ ಕೆಳಗೆ ಏನಿದೆ? ಒಬ್ಬಳು ಬೆಂಕಿ ಅಂದಳು. ಇನ್ನೊಬ್ಬಳು, ಅಲ್ಲಿ ಸಣ್ಣ ಕುದುರೆಗಳಿದ್ದು ಈಗ ಹಸಿವಿನಿಂದ ಸತ್ತಿವೆ ಅಂದಳು. ನನಗೆ ಎರಡನೆಯದೇ ನಿಜ ಅನ್ನಿಸಿ, ಒಂದು ದಿನ ಮುಚ್ಚಳದ ಸಂದಿಯಲ್ಲಿ ಒಂದು ಹಿಡಿ ಹುರುಳಿ ಹಾಕಿದೆ. ಇಮಾಮಸಾಬ ಶುಕ್ರವಾರ ಅದನ್ನು ಒಂದೊಂದೇ ಕಾಳಾಗಿ ಹೆಕ್ಕಿ ತೆಗೆದ.

ಮಳೆಗೆ ಮೇಲಿನ ಕ್ಯಾನ್ವಾಸ್ ಟಾಪು ಹರಿದು ಚಿಂದಿಯಾಯಿತು. ಪಾಟಿಗಳ ಮೇಲೆ ನೀರು. ಆಗ ಅತ್ತಿ ಗೋಡೆಯ ಈಚೆ ನಿಂತು ಇಮಾಮಸಾಬನಿಗೆ ಕೇಳಿದಳು.

"ಇಮಾಮಣ್ಣಾ, ಕೌದಿ ಹೊಲದು ಹಾಕಿದ್ರ ನಿಂದರತೈತೇನು?"

"ನಿಂದರತೈತಿ ತಂಗಿ. ಆದ್ರ ಮಳಿ ಸೋರತೈತಲ್ಲ."

"ಅಗಸಿ ಎಣ್ಣಿ ಕುಡಸ್ತೀನಿ."

ಇಬ್ಬರೂ ಹಗ್ಗದಿಂದ ಅಳತೆ ತೆಗೆದರು. ಅಜ್ಜನ ಹಳೇ ಧೋತರ, ನನ್ನ ಹರಿದ ಲಂಗ, ಇಮಾಮಸಾಬನ ಚೌಕಡಿ ಲುಂಗಿ, ನಟ್ಟನಡುವೆ ಅತ್ತಿಯ ಮದುವೆಯ ಇಳಕಲ್ಲ ಸೀರೆಯ ಕೆಂಪು ಸೆರಗು. ಅದನ್ನು ಕತ್ತರಿಸುವಾಗ ಅವ್ವ, "ಬ್ಯಾಡವ್ವ ಗಂಗವ್ವಾ" ಅಂದಳು. ಅತ್ತಿ, "ಟ್ರಂಕಿನ್ಯಾಗ ಇಟ್ರ ನುಸಿ ತಿಂತಾವು ವೈನಿ" ಅಂದು ಕತ್ತರಿ ಹಾಕಿಯೇಬಿಟ್ಟಳು. ಒಂದು ತಿಂಗಳು ಹೊಲಿದು, ಅಗಸೆ ಎಣ್ಣೆ ಬಳಿದು ಒಣಗಿಸಿ ಹಾಕಿದರು. ಮಳೆ ಸೋರುವುದು ನಿಂತಿತು. ನಮ್ಮ ಮೋಟಾರು ದೂರದಿಂದ ನೋಡಿದರೆ ಜೋಗತಿಯ ಜೋಳಿಗೆಯ ಹಾಗೆ ಕಾಣುತ್ತಿತ್ತು.

ಸುರೇಶ ಇದನ್ನು ಕೇಳಿದ್ದರೆ ಅಲ್ಲೇ ಎದೆ ಹಿಡಿದುಕೊಳ್ಳುತ್ತಿದ್ದ.

ಒಂದು ವರ್ಷ ಮುಂಗಾರು ಶುರುವಾಗುವ ಹೊತ್ತು. ಶುಕ್ರವಾರ ಒಳ್ಳೇ ಮಳೆ ಬಿತ್ತು. ಶನಿವಾರ ಒಂದು ಕಾಗದ ಬಂತು. ಅತ್ತಿಯ ಗಂಡನ ಜೊತೆ ಕೆಲಸ ಮಾಡಿದ್ದ ಹಿರಿಯ ಮಾಸ್ತರರೊಬ್ಬರು ಬರೆದಿದ್ದರು. ಗಜೇಂದ್ರಗಡದ ಹೆಣ್ಣುಮಕ್ಕಳ ಸಾಲಿಗೆ ಪಾಠ ಹೇಳಲು ಒಬ್ಬ ಬಾಯಾರು ಬೇಕಾಗಿದ್ದಾರೆ, ಸೋಮವಾರ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ, ನಾನು ಮಾತಾಡಿದ್ದೇನೆ, ಹನ್ನೊಂದು ಗಂಟೆಗೆ ನೀವು ಅಲ್ಲಿರಬೇಕು, ಎಂದು. ಅತ್ತಿ ಅದನ್ನು ಅಜ್ಜನ ಮುಂದೆ ಓದಿದಳು. ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ.

"ಅಪ್ಪಾ, ಸೋಮವಾರ ಬಂಡಿ ಬೇಕಾಗಿತ್ತು."

ಅಜ್ಜ ಬಿತ್ತುವ ಕೂರಿಗೆಯ ತಾಳು ಬಿಗಿಯುತ್ತ ಕೂತಿದ್ದ. ತಲೆ ಎತ್ತಲಿಲ್ಲ. "ಹದ ಬಂದೈತಿ ಗಂಗವ್ವಾ. ಈ ನಾಕು ದಿನ ಬಿಟ್ರ ನೆಲ ಬಿಗಿತೈತಿ. ಯಾರ ಮನಿ ಎತ್ತೂ ಹೊರಗ ಬಿಡಾಂಗಿಲ್ಲ. ಮುಂದಿನ ವಾರ ಹೋಗೂವಂತಿ."

"ಮುಂದಿನ ವಾರ ಸಾಹೇಬರು ಇರಾಂಗಿಲ್ಲಪ್ಪ."

"ಇರದಿದ್ರ ಬಿಡವಾ. ಮನ್ಯಾಗ ನಿನಗ ಏನು ಕಡಿಮಿ ಆಗೇತಿ?"

ಅಜ್ಜ ಕೆಟ್ಟವನಾಗಿದ್ದರೆ ಜಗಳ ಆಡಬಹುದಿತ್ತು. ಅತ್ತಿ ಕಾಗದ ಮಡಚಿಕೊಂಡು ಹಿತ್ತಲಿಗೆ ಹೋಗಿ ಮೋಟಾರಿನ ಬಾಗಿಲ ಕೆಳಗಿನ ಪಾವಟಿಗೆಯ ಮೇಲೆ ಕೂತಳು. ನಾನು ಹಿಂದೆಯೇ ಹೋದೆ. ಅಲ್ಲಿ ಇಮಾಮಸಾಬ ಯಾವುದೋ ತಂತಿ ಸುತ್ತುತ್ತಿದ್ದ. ಅತ್ತಿ ಅವನಿಗೆ ಹೇಳಿದ್ದು ಇಷ್ಟೇ: "ಸೋಮವಾರ ನಸುಕಿನ್ಯಾಗ ಎದ್ದು ನಡಕೊಂಡು ಹೋಗ್ತೀನಿ ಅಣ್ಣಾ."

ಅವನು ಕಾಗದದಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಂಡ. ಆಮೇಲೆ ಮುಚ್ಚಳ ಎತ್ತಿ ಬಹಳ ಹೊತ್ತು ಒಳಗೆ ನೋಡಿದ.

"ಬಾಯಾರು ಆಗಾಕ ಹೊಂಟಾಕಿ ಕೆಸರ ಕಾಲಿಲೆ ಹೋಗಬಾರ್ದು. ನನ್ನ ಹತ್ರ ಒಂದು ಬಾಟ್ಲಿ ಪೆಟ್ರೋಲ ಐತಿ. ಚಾಲೂ ಮಾಡಾಕ ಸಾಕು. ಚಾಲೂ ಆದ ಮ್ಯಾಲೆ ಚಿಮಣಿ ಎಣ್ಣಿ ಮ್ಯಾಲೆ ಓಡಸ್ತೀನಿ."

"ದೇಸಾಯರು ಕೇಳಿದ್ರ?"

"ನಿಗಾ ಇಡು ಅಂದಿದ್ರು. ನಿಂತ ಗಾಡಿ ಜಂಗ ಹಿಡಿತೈತಿ. ಓಡಿಸಿ ನಿಗಾ ಇಟ್ಟೀನಿ ಅಂತೀನಿ." ಹಾಗೆ ಹೇಳಿ ನಕ್ಕ. ಆದರೆ ವಾಡೆಯ ಕಡೆ ಒಮ್ಮೆ ತಿರುಗಿ ನೋಡಿದ್ದನ್ನು ನಾನು ಕಂಡೆ. ಅನ್ನ ಹಾಕಿದ ಧಣಿಯ ವಸ್ತು.

ಅಜ್ಜ, ಅಪ್ಪ ಹೊಲದಲ್ಲಿದ್ದ ಭಾನುವಾರವಿಡೀ ತಯಾರಿ. ಮನೆಯ ಚಿಮಣಿ ದೀಪಗಳ ಸೀಮೆಎಣ್ಣೆಯನ್ನೆಲ್ಲ ಅವ್ವ ಬಸಿದು ಕೊಟ್ಟಳು. ಗಾಳಿ ನಿಲ್ಲದ ಒಂದು ಗಾಲಿಗೆ ಹತ್ತಿ ಗಿಡಿದರು. ವಿಧವೆಯೊಬ್ಬಳು ಪರಗಂಡಸಿನೊಡನೆ ಒಬ್ಬಳೇ ಹೋಗಬಾರದು ಎಂದು ಮರ್ಯಾದೆ ಕಾಯಲು ಒಬ್ಬ ಹಿರಿಯರನ್ನು ಜೊತೆಗೆ ಕಳಿಸುವುದೆಂದಾಯಿತು. ಆ ಹಿರಿಯಳು ನಾನು. ನನಗಾಗ ಹತ್ತು ವರ್ಷ.

ಸೋಮವಾರ ಬೆಳಿಗ್ಗೆ ಅಜ್ಜ ಮತ್ತು ಅಪ್ಪ ಹೊಲಕ್ಕೆ ಹೋದ ಮೇಲೆ ಇಮಾಮಸಾಬ ಮೂತಿಯ ಮೇಲಿನ ತಿರುಪು ಬಿಚ್ಚಿ, "ಬೇಟಿ, ಇದಕ್ಕ ನೀರು ತುಂಬು. ಬಿಸಿಲಾಗ ಭಾಳ ನೀರಡಸ್ತೈತಿ" ಎಂದು ಹೇಳಿ ತಾನು ಗಾಲಿಯ ಕೆಳಗೆ ನುಸುಳಿದ. ನಾನು ಒಳಗೆ ಹೋದೆ. ನಮ್ಮ ಮನೆಯಲ್ಲಿ ಬಿಸಿಲಿಗೆ ಹೊರಟವರಿಗೆ ಯಾರೂ ಬರೇ ನೀರು ಕೊಡುತ್ತಿರಲಿಲ್ಲ. ಈ ಬಡಪಾಯಿಯೋ ವರ್ಷಗಳ ಮೇಲೆ ಹೊರಟಿದೆ. ಅವ್ವ ಒಗ್ಗರಣೆ ಹಾಕಿಟ್ಟಿದ್ದ ಮಜ್ಜಿಗೆಯ ಗಡಿಗೆಯನ್ನು ಎತ್ತಿಕೊಂಡು ಬಂದು, ಪೂರ್ತಿ ಹೊಯ್ದು, ತಿರುಪು ಮುಚ್ಚಿದೆ. ಪುಣ್ಯದ ಕೆಲಸ ಮಾಡಿದ ಸಮಾಧಾನವಾಯಿತು.

ಇಮಾಮಸಾಬ ಐದನೇ ಸಲ ಮೂತಿಯ ಕೆಳಗಿನ ಹ್ಯಾಂಡಲ್ ತಿರುಗಿಸಿದಾಗ ಮೋಟಾರು ಗುಡುಗಿತು. ಬೇವಿನ ಮರದ ಕಾಗೆಗಳೆಲ್ಲ ಒಮ್ಮೆಗೇ ಎದ್ದವು. ಆರು ಜನ ಹುಡುಗಿಯರಲ್ಲಿ ಐವರು ಗೋಡೆಯ ಮೇಲೆ ಸಾಲಾಗಿ ಕೂತು ಚೀರಿದರು. ನಾವು ಹೊರಟೆವು. ಗರಸಿನ ರಸ್ತೆ, ಚಿಮಣಿ ಎಣ್ಣೆಯ ಹೊಗೆ, ಹತ್ತಿ ಗಾಲಿಯ ಕುಂಟು. ಅತ್ತಿ ಮೊದಲು ಸೆರಗನ್ನು ಎರಡೂ ಕೈಯಿಂದ ಹಿಡಿದಿದ್ದಳು. ಹಳ್ಳ ದಾಟಿದ ಮೇಲೆ ಒಂದು ಕೈ ಬಿಟ್ಟಳು. ಆಮೇಲೆ ಎರಡೂ ಬಿಟ್ಟಳು. ಗಾಳಿಗೆ ಸೆರಗು ಜಾರಿ ಹೆಗಲ ಮೇಲೆ ಬಿತ್ತು. ಅವಳು ಅದನ್ನು ತಲೆಯ ಮೇಲೆ ಎಳೆದುಕೊಳ್ಳಲಿಲ್ಲ. ಅಷ್ಟು ಬೆಳಕಿನಲ್ಲಿ ನಾನು ಅವಳ ಕೂದಲು ನೋಡಿದ್ದು ಅದೇ ಮೊದಲು.

ರಸ್ತೆಯ ಪಕ್ಕದಲ್ಲೇ ನಮ್ಮ ಹೊಲ. ಬೇರೆ ದಾರಿ ಇರಲಿಲ್ಲ. ಅಜ್ಜ ಕೂರಿಗೆ ಹಿಡಿದು ಬಿತ್ತುತ್ತಿದ್ದ. ಸಪ್ಪಳ ಕೇಳಿ ಎತ್ತು ನಿಲ್ಲಿಸಿ ತಿರುಗಿದ. ಕೌದಿ ಹೊದ್ದ ಮೋಟಾರು, ಅದರೊಳಗೆ ಮಗಳು. ಅತ್ತಿ ಅಜ್ಜನನ್ನು ನೋಡಿದಳು. ಅಜ್ಜ ಅತ್ತಿಯನ್ನು ನೋಡಿದ. ಯಾರೂ ಕೈ ಎತ್ತಲಿಲ್ಲ. ನಾನು ಹಿಂದಿರುಗಿ ನೋಡಿದಾಗ ಅಜ್ಜ ಇನ್ನೂ ನಿಂತೇ ಇದ್ದ.

ಆರು ಮೈಲಿ ಹೋಗಿರಬೇಕು. ಎಂಥದೋ ವಾಸನೆ ಬಂತು. ಮೊದಲು ಅಡುಗೆಮನೆಯ ವಾಸನೆ, ಆಮೇಲೆ ಹುಳಿ ವಾಸನೆ, ಆಮೇಲೆ ಹೇಳಲಾಗದ ವಾಸನೆ. ಮೂತಿಯಿಂದ ಬಿಳೀ ನೊರೆ ಉಕ್ಕಿತು. ಒಳಗೆಲ್ಲೋ ರಬ್ಬರಿನ ಕೊಳವೆ 'ಫಟ್' ಎಂದು ಒಡೆದು ಮೋಟಾರು ನಿಂತಿತು. ಇಮಾಮಸಾಬ ಓಡಿ ಹೋಗಿ ಮುಚ್ಚಳ ಎತ್ತಿದವನು ಹಾಗೇ ನಿಂತ.

"ಯಾ ಅಲ್ಲಾ! ನನ್ನ ಎಂಜಿನ್ನ ಹಾಲು ಕೊಡಾಕತ್ತೈತಿ!"

ಅತ್ತಿ ಇಳಿದು ಬಂದು, ಅಂಟಿಕೊಂಡಿದ್ದ ಒಂದು ಕರಿಬೇವಿನ ಎಲೆಯನ್ನು ಬೆರಳಿನಿಂದ ತೆಗೆದಳು. ನನ್ನ ಕಡೆ ನೋಡಿದಳು. ನಾನು ಅಳಲು ಶುರುಮಾಡಿದೆ. ಹೊಡೆಯುತ್ತಾಳೆ ಅಂದುಕೊಂಡೆ. ಅತ್ತಿ ನಕ್ಕಳು. ರಸ್ತೆಯ ನಡುವೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಕ್ಕು ನಕ್ಕು ಅದು ಎಲ್ಲಿ ಅಳುವಾಯಿತೋ ನನಗೆ ತಿಳಿಯಲಿಲ್ಲ. ಪಾವಟಿಗೆಯ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಬಿಸಿಲು ಆಗಲೇ ಏರಿತ್ತು. ಇಮಾಮಸಾಬ ಒಡೆದ ಕೊಳವೆ ಹಿಡಿದುಕೊಂಡು, "ಆಗಾಂಗಿಲ್ಲ ತಂಗಿ" ಅಂದ.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಬಂದ. ಮಲ್ಲಪ್ಪ ಅಂತ, ದನದ ವ್ಯಾಪಾರಿ. ಕುಷ್ಟಗಿ ಕಡೆ ಕೊಂಡ ಒಂದು ಜೋಡಿ ಬಿಳೀ ಎತ್ತನ್ನು, ಬಿತ್ತಿಗೆಯ ಕಾಲಕ್ಕೆ ಗಿರಾಕಿ ಜಾಸ್ತಿ ಎಂದು ಗಜೇಂದ್ರಗಡಕ್ಕೆ ಹೊಡೆದುಕೊಂಡು ಹೊರಟಿದ್ದ. ಮೋಟಾರಿನ ಸುತ್ತ ಎರಡು ಸುತ್ತು ಹಾಕಿ ನೋಡಿದ. ಇಮಾಮಸಾಬ ಅವನಿಗೆ ಕೈ ಮುಗಿದು, ಎತ್ತು ಕಟ್ಟಿ ಎಳೆಸಬೇಕೆಂದು ಕೇಳಿದ.

"ಮಾರಾಕ ಒಯ್ಯೂ ಎತ್ತಪ್ಪ. ದಣದ್ರ ಯಾರು ಕೇಳ್ತಾರ?" ಅಂದ ಮಲ್ಲಪ್ಪ.

ಅತ್ತಿ ಮುಖ ಒರೆಸಿಕೊಂಡು ಎದ್ದಳು. "ಅಣ್ಣಾ, ಸಂತ್ಯಾಗ ನೂರು ಜೋಡಿ ಎತ್ತು ಬರ್ತಾವು. ಮೋಟಾರ ಎಳದ ಎತ್ತು ಎಷ್ಟು ಬರ್ತಾವ?"

ಮಲ್ಲಪ್ಪ ರುಮಾಲು ಬಿಚ್ಚಿ ಮತ್ತೆ ಗತ್ತಿನಿಂದ ಸುತ್ತಿಕೊಂಡ. "ಹಗ್ಗ ತಗೀರಿ" ಅಂದ.

ಹೀಗೆ ನಾವು ನಾಕಾ ಮುಟ್ಟಿದೆವು. ಇಮಾಮಸಾಬ ಚಕ್ರ ಹಿಡಿದು ಕೂತಿದ್ದ, ಮಲ್ಲಪ್ಪ ಮುಂದೆ ರಾಜನ ಹಾಗೆ ನಡೆಯುತ್ತಿದ್ದ. ನಾಕಾದ ಮುನ್ಷಿ ಕನ್ನಡಕ ಹಾಕಿಕೊಂಡು ಹೊರಗೆ ಬಂದು, ಲೇಖಣಿಯನ್ನು ಗಾಳಿಯಲ್ಲಿ ಹಿಡಿದು ದಂಗಾಗಿ ನಿಂತರು. ಒಳ್ಳೆಯ ಮನುಷ್ಯ. ಅವರ ತೊಂದರೆಯೂ ನಿಜವಾದದ್ದೇ.

"ಏನಂತ ಬರಕೊಳ್ಳಲಿ? ಮೋಟಾರ ಅಂದ್ರ ಎತ್ತು ಅದಾವ. ಬಂಡಿ ಅಂದ್ರ ದೀಪ ಅದಾವ."

"ಮೋಟಾರ್ರಿ ಸಾಹೇಬ್ರ" ಅಂದ ಇಮಾಮಸಾಬ.

"ಎಳಿಯಾವು ನನ್ನ ಎತ್ತು, ಅಂದ ಮ್ಯಾಲೆ ಬಂಡೀನ" ಅಂದ ಮಲ್ಲಪ್ಪ.

"ಸಾಲಿ ಅಂತ ಬರಕೊಳ್ರಿ" ಎಂದಳು ಒಳಗಿನಿಂದ ಅತ್ತಿ. "ಹೊತ್ತಾಗೈತ್ರಿ."

ಮುನ್ಷಿ ಅವಳನ್ನೊಮ್ಮೆ, ಮೇಲಿನ ಕೌದಿಯನ್ನೊಮ್ಮೆ ನೋಡಿ, ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಸರಸರನೆ ಏನೋ ಬರೆದು ನಮ್ಮನ್ನು ಬಿಟ್ಟರು. ಏನು ಬರೆದರೋ! ಇಷ್ಟು ವರ್ಷವಾದರೂ ಆ ಕುತೂಹಲ ನನಗೆ ಹೋಗಿಲ್ಲ. ಯಾವುದು ಯಾವಾಗ ಮೋಟಾರು, ಯಾವಾಗ ಬಂಡಿ, ಯಾವಾಗ ಸಾಲಿ ಎಂದು ಸುರೇಶನ ಹಾಗೆ ಖಚಿತವಾಗಿ ಹೇಳುವವರನ್ನು ಕಂಡರೆ ನನಗೆ ಆ ಮುನ್ಷಿಯ ಲೇಖಣಿ ಗಾಳಿಯಲ್ಲಿ ನಿಂತದ್ದು ನೆನಪಾಗುತ್ತದೆ.

ಸಾಲಿ ಮುಟ್ಟುವಾಗ ಹನ್ನೊಂದು ದಾಟಿ ಬಹಳ ಹೊತ್ತಾಗಿತ್ತು. ಇನ್ಸ್‌ಪೆಕ್ಟರ್ ಸಾಹೇಬರು ಧಾರವಾಡದ ಕಡೆಯವರು, ರುಮಾಲು, ಕರೀ ಕೋಟು, ಹೊರಡಲು ಕೊಡೆ ಹಿಡಿದು ಎದ್ದಿದ್ದರು. ಆದರೆ ಹೊರಡುವುದು ಸಾಧ್ಯವಿರಲಿಲ್ಲ, ಸಾಲಿಯ ಹುಡುಗಿಯರೆಲ್ಲ ಬಾಗಿಲಿನಿಂದ ಹೊರಗೆ ನುಗ್ಗಿ ಮೋಟಾರನ್ನು ಮುತ್ತಿದ್ದರು. ಅತ್ತಿ ಇಳಿದಳು. ಮೈತುಂಬ ಧೂಳು, ಸೀರೆಯ ತುಂಬ ಮಜ್ಜಿಗೆಯ ಹುಳಿ ನಾತ.

"ತರಬೇತಿ ಆಗೇದೇನ್ರಿ?" ಎಂದು ಸಾಹೇಬರು ಕೇಳಿದರು.

"ಇಲ್ರಿ."

"ಎಲ್ಲಿ ಕಲಿಸೀರಿ?"

"ಈ ಮೋಟಾರದಾಗ್ರಿ."

ಸಾಹೇಬರು ಗಡಿಯಾರ ನೋಡಿಕೊಂಡರು. "ಹೊತ್ತು ಭಾಳ ಆಗೇದ. ಇವರನ್ನ ಒಳಗ ಕೂಡಿಸಿ ಒಂದು ಪಾಠ ಮಾಡಿ ತೋರಸ್ರಿ ನೋಡೋಣ."

ಹುಡುಗಿಯರು ಯಾರ ಮಾತೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅತ್ತಿ ಕೂಗಲಿಲ್ಲ. ಪಾವಟಿಗೆಯ ಮೇಲೆ ಹತ್ತಿ ನಿಂತು ಕೇಳಿದಳು: "ಇದು ಯಾಕ ನಿಂತೈತಿ, ಯಾರಿಗೆ ಗೊತ್ತು?" ಹತ್ತು ಬಾಯಿ ಒಮ್ಮೆಗೇ ತೆರೆದವು. "ಹಂಗ ಬ್ಯಾಡ. ಒಳಗ ಹೋಗಿ ಪಾಟಿ ಮ್ಯಾಲೆ ಬರೀರಿ. ಯಾರದು ಖರೇ ಐತಿ, ಆಕಿಗೆ ಹೇಳ್ತೀನಿ." ಹುಡುಗಿಯರು ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳಗೆ ಓಡಿದರು. ಸಾಹೇಬರು ಪಾಟಿಗಳನ್ನು ಒಂದೊಂದಾಗಿ ಓದಿದರು. 'ಎಣ್ಣಿ ಇಲ್ಲ' ಎಂದು ಒಬ್ಬಳು. 'ಎತ್ತು ದಣಿದಾವೆ' ಎಂದು ಒಬ್ಬಳು. ಒಬ್ಬ ಸಣ್ಣ ಹುಡುಗಿ ಅಕ್ಷರ ತಪ್ಪಿ ತಪ್ಪಿ, 'ಇದರ ಊರು ಬಂತು' ಎಂದು ಬರೆದಿದ್ದಳು. ಸಾಹೇಬರು ಆ ಪಾಟಿಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದರು. ಆಮೇಲೆ ಕೊಡೆಯನ್ನು ಮೂಲೆಗಿಟ್ಟರು.

"ಇವತ್ತಿನಿಂದಾನ ಸೇರಿಬಿಡ್ರಿ. ತರಬೇತಿಗೆ ಸೂಟಿಯೊಳಗ ಕಳಸೋಣು" ಅಂದರು.

ಮಲ್ಲಪ್ಪನ ಎತ್ತು ಅವತ್ತೇ ಮಾರಾಟವಾದವು. ಕೊಂಡವನು ಮೂರೂರಿನವರಿಗೆ, "ಮೋಟಾರ ಎಳದಾವು" ಎಂದು ಹೇಳಿಕೊಂಡು ತಿರುಗಿದನಂತೆ. ದೇಸಾಯರ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ಅವರು ಆ ಚಳಿಗಾಲ ಬಂದು ಸಾಲಿಯ ಗೋಡೆಗೆ ಆತು ನಿಂತಿದ್ದ ತಮ್ಮ ಮೋಟಾರನ್ನು ನೋಡಿದರು. ಇಮಾಮಸಾಬ ಏನಾದರೂ ಆಗಲಿ ಎಂದು ತಲೆ ತಗ್ಗಿಸಿ ನಿಂತಿದ್ದ. "ನಾ ಬಿಟ್ಟು ಹೋದಲ್ಲಿ ಇದು ಇಲ್ಲಲ್ಲೋ ಇಮಾಮಾ" ಅಂದರಂತೆ. "ನಿಂತು ನಿಂತು ಬ್ಯಾಸರಾತ್ರಿ ಧಣಿ ಅದಕ್ಕ" ಅಂದನಂತೆ ಇವನು. ದೇಸಾಯರಿಗೆ ಸಿಟ್ಟು ಬಂತು, ಒಂದು ತಿಂಗಳು ಮಾತಾಡಿಸಲಿಲ್ಲ. ಆಮೇಲೆ ಎಂಜಿನ್ನನ್ನು ಬಾವಿಯ ನೀರೆತ್ತಲು ಕೊಪ್ಪಳದ ಕಡೆಯ ಒಬ್ಬ ತೋಟದವನಿಗೆ ಕೊಟ್ಟರು, ಜೊತೆಗೆ ಇಮಾಮಸಾಬನನ್ನೂ ಕೆಲಸಕ್ಕೆ ಹಚ್ಚಿದರು. ಗಾಲಿಗಳು ಯಾರದೋ ಬಂಡಿಗೆ ಹೋದವು. ಸೀಟು ಸಾಲಿಯಲ್ಲೇ ಉಳಿದವು. ಒಂದು ಕಾರು ಎಷ್ಟು ಕಡೆ ಓಡಬಹುದು ನೋಡಿ.

ಆದರೆ ಅವತ್ತು ಸಂಜೆ ನನಗೆ ಇದಾವುದೂ ಬೇಕಿರಲಿಲ್ಲ. ಸಂತೆಯಿಂದ ನಮ್ಮೂರ ಕಡೆ ಮರಳುವ ಬಂಡಿಯೊಂದರಲ್ಲಿ ಇಮಾಮಸಾಬನೊಡನೆ ನನ್ನನ್ನು ಹತ್ತಿಸಿ, ಅತ್ತಿ ಕೆಳಗೇ ನಿಂತಳು.

"ನೀ ಹತ್ತವಾ" ಅಂದೆ.

"ನಾ ಇಲ್ಲೇ ಇರ್ತೀನಿ ಶಾಂತಾ. ಸಾಲಿ ಸೂಟಿ ಬಿಟ್ಟಾಗ ಬರ್ತೀನಿ."

ಅಲ್ಲಿಯ ತನಕ ಇಡೀ ಪ್ರಯಾಣ ನನಗೆ ಮೋಟಾರಿನ ಪ್ರಯಾಣವಾಗಿತ್ತು. ಅತ್ತಿ ಹೋಗುತ್ತಿದ್ದಾಳೆ ಎಂಬುದು ತಲೆಗೆ ಹೋಗಿರಲೇ ಇಲ್ಲ. ನಾನು ಇಮಾಮಸಾಬನ ಹೆಗಲಿಗೆ ಮುಖ ಒತ್ತಿ, ನಾಕಾ ದಾಟುವ ತನಕ ಅಳುತ್ತಲೇ ಇದ್ದೆ. ಇನ್ನೂ ಎರಡು ಗಡಿಗೆ ಮಜ್ಜಿಗೆ ಹಾಕಬೇಕಾಗಿತ್ತು ಎಂದುಕೊಂಡೆ.

ಮನೆಯಲ್ಲಿ ಅಜ್ಜ ಕಟ್ಟೆಯ ಮೇಲೆ ಕೂತಿದ್ದ, ಹೊಲದ ಮಣ್ಣು ಕಾಲಿನಲ್ಲಿ ಹಾಗೇ ಇತ್ತು.

"ನಿಮ್ಮತ್ತಿ ಎಲ್ಲಿ?"

"ಅಲ್ಲೇ ಉಳದ್ಲು. ಸಾಲಿಗೆ ಸೇರ್ಯಾಳ."

"ಎಲ್ಲಿ ಇರ್ತಾಳ?"

"ಹಿರೇ ಮಾಸ್ತರ ಮನಿ ಪಡಸಾಲ್ಯಾಗ. ಚಾಪಿ ಕೊಟ್ಟಾರ."

"ಹೊದಿಯಾಕ?"

ಇಮಾಮಸಾಬ ಹೇಳಿದ: "ಮೋಟಾರದ ಮ್ಯಾಲಿನ ಕೌದಿ ಬಿಚ್ಚಿ ಕೊಟ್ಟು ಬಂದೀನ್ರಿ ಧಣಿ. ಎಣ್ಣಿ ವಾಸನಿ ಬರತೈತಿ."

ಮರುದಿನ ಬೆಳಿಗ್ಗೆ ಅಜ್ಜ ಎತ್ತುಗಳನ್ನು ಕೂರಿಗೆಗೆ ಹೂಡುವ ಬದಲು ಬಂಡಿಗೆ ಹೂಡುತ್ತಿದ್ದುದನ್ನು ನೋಡಿ ಅಪ್ಪ, "ಅಪ್ಪಾ, ಹದ ಹೋಗತೈತಿ" ಅಂದ. "ಹೋಗ್ಲಿ" ಅಂದ ಅಜ್ಜ. ಪುಸ್ತಕದ ಟ್ರಂಕು, ಎರಡು ಕೌದಿ, ಒಂದು ಚೀಲ ಜೋಳ, ಬೀಸುಕಲ್ಲು, ರೊಟ್ಟಿ ಹಂಚು. ಅವ್ವ ಒಂದೊಂದಾಗಿ ತಂದುಕೊಟ್ಟದ್ದನ್ನು ತಾನೇ ಏರಿಸಿದ. ನನ್ನನ್ನು ಕರೆಯಲಿಲ್ಲ. ನಾನೇ ಓಡಿ ಹೋಗಿ ಬಂಡಿ ಹತ್ತಿದೆ. ನಮ್ಮ ಹೊಲ ಬಂದಾಗಲೂ ಅಜ್ಜ ಆ ಕಡೆ ನೋಡಲಿಲ್ಲ.

ಸಾಲಿಯ ಒಳಗಿನಿಂದ ಅತ್ತಿಯ ದನಿ ಕೇಳುತ್ತಿತ್ತು. ಕೂಡುವ ಲೆಕ್ಕ. ನಾನು ಕೂಗಲು ಹೋದೆ, ಅಜ್ಜ ನನ್ನ ರಟ್ಟೆ ಹಿಡಿದು ನಿಲ್ಲಿಸಿದ. ಕಿಟಕಿಯ ಕೆಳಗೆ, ರುಮಾಲು ತೊಡೆಯ ಮೇಲಿಟ್ಟುಕೊಂಡು ಕೂತ. ದೊಡ್ಡ ಕಿವಿಗಳವನು, ಒಂದು ಕಿವಿಯನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣು ಮುಚ್ಚಿ ಕೇಳಿದ. ಒಳಗೆ ಹಿಂದಿನಿಂದ ಒಂದು ಸಣ್ಣ ದನಿ ಎರಡು ಸಲ ಲೆಕ್ಕ ತಪ್ಪಿ ಹೇಳಿತು. ಮಗಳು ಕಲಿಸುವುದನ್ನು ಅವನು ಹಿತ್ತಲ ಗೋಡೆಯ ಈಚೆಯಿಂದಲೂ ಒಮ್ಮೆಯೂ ಕೇಳಿದ್ದಿಲ್ಲ.

ಗಂಟೆ ಹೊಡೆಯಿತು. ಅತ್ತಿ ಹೊರಗೆ ಬಂದವಳು ಬಂಡಿ ನೋಡಿ, ಎತ್ತು ನೋಡಿ, ಆಮೇಲೆ ಅಜ್ಜನನ್ನು ನೋಡಿದಳು.

"ಅಪ್ಪಾ! ಬಿತ್ತಿಗಿ ಬಿಟ್ಟು ಬಂದಿ?"

ಅಜ್ಜ ಕಿಟಕಿಯ ಕಡೆ ಕೈ ತೋರಿಸಿ ಮೆಲ್ಲಗೆ ಹೇಳಿದ: "ಹಿಂದ ಕುಂತಾಕಿಗೆ ಅದು ತಿಳದಿಲ್ಲವಾ. ಇನ್ನೊಮ್ಮೆ ಹೇಳಿ ಬಾ. ನಾ ಇಲ್ಲೇ ಕುಂತಿರ್ತೀನಿ."